ಅಕ್ಕನ ಪಾತ್ರಕ್ಕೆ ಜನ ಇಲ್ಲ

ನಮ್ಮ ಕಾವೂರಿನ ಮನೆಯ ಜಗಲಿಯಲ್ಲಿ ಭಾನುವಾರ ಸಂಜೆಯಾದರೆ ಪಾತ್ರ ಹಂಚುವ ಕೆಲಸ ನಡೆಯುತ್ತದೆ. ಹಂಚುವವರು ಇಬ್ಬರು. ಒಬ್ಬ ನನ್ನ ಅಣ್ಣ. ಬ್ಯಾಂಕಿನಿಂದ ನಿವೃತ್ತನಾಗಿ ಈಗ ಬೆಳಿಗ್ಗೆ ಅಪ್ಪ ಪೂಜೆ ಮಾಡುತ್ತಿದ್ದ ದೇವಸ್ಥಾನಕ್ಕೆ ಹೋಗಿ ಕೈ ಜೋಡಿಸುತ್ತಾನೆ. ಇನ್ನೊಬ್ಬರು ಬಂದರ್‌ನಲ್ಲಿ ಬಲೆ, ಹಗ್ಗಗಳ ಸಗಟು ಅಂಗಡಿ ಇಟ್ಟಿರುವ ಬ್ಯಾರಿ ವರ್ತಕರು. ನಮ್ಮ ಮನೆಯಲ್ಲಿ ಅವರಿಗೆ ಬಂದರಿನವರು ಎಂದೇ ಹೆಸರು. ಹಂಚುವ ನಾಟಕವೂ ಒಂದೇ. ನಾವು ಚಿಕ್ಕವರಿದ್ದಾಗ ಊರೂರಲ್ಲಿ ಟೆಂಟು ಹಾಕಿ ಆಡುತ್ತಿದ್ದ, ಮಾತಿಗಿಂತ ಹಾಡೇ ಹೆಚ್ಚಿದ್ದ ತುಳು ನಾಟಕ ಅದು. ಆ ತಂಡ ಮುಚ್ಚಿ ಎಷ್ಟೋ ಕಾಲವಾಯಿತು. ಅದನ್ನು ಈಗ ಮತ್ತೆ ರಂಗಕ್ಕೆ ತಂದರೆ ಯಾರು ಯಾವ ಪಾತ್ರ ಮಾಡಬೇಕು ಎನ್ನುವುದೇ ಅವರಿಬ್ಬರ ಆಟ.

ಆಟಕ್ಕೆ ಕಾನೂನುಗಳಿವೆ. ಸತ್ತವರಿಗೂ ಪಾತ್ರ ಕೊಡಬಹುದು. ಮುಖ ಮುಖ ನೋಡದಷ್ಟು ಜಗಳವಾಡಿಕೊಂಡ ಕಲಾವಿದರನ್ನು ಒಂದೇ ದೃಶ್ಯದಲ್ಲಿ ನಿಲ್ಲಿಸಬಹುದು. ಹಲ್ಲು ಬಿದ್ದವರಿಗೆ ಅವರ ಪ್ರಾಯದ ಸ್ವರವನ್ನು ವಾಪಸು ಕೊಡಬಹುದು. ಆದರೆ ಮೊದಲು ಆ ಪಾತ್ರ ಮಾಡುತ್ತಿದ್ದವರಿಗೇ ಮತ್ತೆ ಅದನ್ನು ಕೊಡುವ ಹಾಗಿಲ್ಲ; ಕೊಟ್ಟರೆ ಆಟವೇ ಮುಗಿದುಹೋಗುತ್ತದಲ್ಲ. ಗುತ್ತಿನ ದೊಡ್ಡಮನೆಯ ಯಜಮಾನನ ಪಾತ್ರಕ್ಕಾಗಿ ಇಬ್ಬರೂ ಒಮ್ಮೆ ಎಷ್ಟು ಹಟ ಹಿಡಿದರೆಂದರೆ ಬಂದರಿನವರು ಚಾ ಮುಟ್ಟದೆ ಎದ್ದು ಹೋದವರು ರಂಜಾನ್ ಮುಗಿಯುವವರೆಗೆ ಇತ್ತ ತಲೆ ಹಾಕಲಿಲ್ಲ. ಹಬ್ಬದ ದಿನ ಹಣ್ಣಿನ ಬುಟ್ಟಿ ಹಿಡಿದು ಬಂದು, ಮೆಟ್ಟಿಲ ಮೇಲೆ ನಿಂತೇ, "ಆಯ್ತು ಭಟ್ರೇ, ಯಜಮಾನ ನಿಮ್ಮವನೇ ಆಗ್ಲಿ," ಎಂದರು. ಅಣ್ಣನ ಕಣ್ಣು ತುಂಬಿತು. ಮಕ್ಕಳಾಟ ಎಂದು ನಾನು ನಗುತ್ತಿದ್ದೆ.

ಎಲ್ಲ ಹಂಚಿದ ಮೇಲೆ ಕೊನೆಗೆ ಉಳಿಯುವುದು ಅಕ್ಕ. ಇಡೀ ನಾಟಕ ಅವಳದು. ಹೊಳೆ ದಾಟುವ ಕಡವಿನಲ್ಲಿ ದೋಣಿ ನಡೆಸಿ ತಮ್ಮನನ್ನು ಸಾಕಿದವಳು ಅವಳು. ಕೊನೆಯಲ್ಲಿ ಮುನಿಸಿಕೊಂಡ ತಮ್ಮ ಆಚೆ ದಡಕ್ಕೆ ಹೋಗಿಬಿಡುತ್ತಾನೆ, ಹೊಳೆಯಲ್ಲಿ ನೀರು ಏರುತ್ತದೆ, ಅಕ್ಕ ಈಚೆ ದಡದಲ್ಲಿ ನಿಂತು ಅವನನ್ನು ಕರೆಯುತ್ತಾಳೆ. ಆ ಕರೆಯುವ ಹಾಡು ಕೇಳಿ ಅಳದವರು ಟೆಂಟಿನಲ್ಲಿ ಇರುತ್ತಿರಲಿಲ್ಲ. ಪಾತ್ರ ಮಾಡುತ್ತಿದ್ದವರು ಗಂಡಸು, ಆಗಿನ ರೂಢಿಯೇ ಅದು. ಅವರು ತೀರಿಕೊಂಡ ಮೇಲೆ ಆ ಜಾಗದಲ್ಲಿ ಯಾರನ್ನು ನಿಲ್ಲಿಸಿ ನೋಡಿದರೂ ಇಬ್ಬರಿಗೂ ಹಿಡಿಸಲಿಲ್ಲ.

"ಅಕ್ಕನ ಪಾತ್ರಕ್ಕೆ ಜನ ಇಲ್ಲ," ಎನ್ನುತ್ತಾನೆ ಅಣ್ಣ.

"ಇನ್ನು ಹುಟ್ಟಿ ಬರ್ಬೇಕಷ್ಟೇ," ಎನ್ನುತ್ತಾರೆ ಬಂದರಿನವರು.

ಅಷ್ಟು ಹೊತ್ತಿಗೆ ಸರಿಯಾಗಿ ನಾನು ಚಾ ಲೋಟ ತೆಗೆದುಕೊಂಡು ಹೋಗಲು ಬಂದಿರುತ್ತೇನೆ.

ನನಗೆ ಆ ಅಕ್ಕ ಆಗಬೇಕಿತ್ತು. ಸುತ್ತಿ ಬಳಸಿ ಹೇಳುವ ಪ್ರಾಯ ನನ್ನದಲ್ಲ, ಆದ್ದರಿಂದ ನೇರವಾಗಿ ಬರೆಯುತ್ತೇನೆ. ಒಂದೇ ಒಂದು ಸಲ ಜನರ ಎದುರು ನಿಂತು ಆ ಕರೆಯುವ ಹಾಡನ್ನು ಹಾಡಬೇಕು ಎಂಬುದನ್ನು ಬಿಟ್ಟರೆ ಬದುಕಿನಲ್ಲಿ ಬೇರೇನನ್ನೂ ನಾನು ಇಷ್ಟು ಬಯಸಿಲ್ಲ. ಮದುವೆ ಆಗಲಿಲ್ಲ, ಅದರ ಬೇಸರ ಒಂದೆರಡು ವರ್ಷದಲ್ಲಿ ಹೋಯಿತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ, ಹೆಡ್ ಮಿಸ್ ಆಗುವ ಸರದಿ ತಪ್ಪಿತು, ಅದೂ ಮರೆತುಹೋಯಿತು. ಈ ಆಸೆ ಮಾತ್ರ ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಅಲ್ಲೇ ಇತ್ತು.

ನಾಟಕವನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಅಣ್ಣ ಟೆಂಟಿನ ಹಿಂದೆಯೇ ಊರೂರು ತಿರುಗಿದವನು, ಹುಡುಗ ಬೇರೆ. ಹಾಡುಗಳು ನನಗೆ ಬಂದದ್ದು ಆ ತಂಡದ ಹಾರ್ಮೋನಿಯಂ ಮಾಸ್ತರರಿಂದ. ತಂಡ ಮುಚ್ಚಿದ ಮೇಲೆ ಅವರು ದೇವಸ್ಥಾನದ ಭಜನೆಗೆ ಪೆಟ್ಟಿಗೆ ನುಡಿಸಲು ಬರುತ್ತಿದ್ದರು, ಊಟ ನಮ್ಮಲ್ಲಿ. ಊಟವಾದ ಮೇಲೆ ಅಡುಗೆಮನೆಯ ಹೊಸಿಲ ಆಚೆ ಕೂತು ಅವರು ಹೇಳಿಕೊಡುವುದು, ಈಚೆ ನಾನು ಮರುದಿನದ ದೋಸೆಗೆ ಕಡೆಯುವ ಕಲ್ಲಿನಲ್ಲಿ ಅಕ್ಕಿ ಕಡೆಯುತ್ತಾ ಹಾಡುವುದು. ಹುಡುಗಿ ಸುಮ್ಮನೆ ಕೂತು ನಾಟಕದ ಹಾಡು ಕಲಿಯುತ್ತಾಳೆ ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ, ಕೆಲಸ ಮಾಡುತ್ತಾ ಗುನುಗಿದರೆ ಅಡ್ಡಿ ಇರಲಿಲ್ಲ.

ಕರೆಯುವ ಹಾಡಿನಲ್ಲಿ ತಮ್ಮನನ್ನು ಕೂಗುವ ಒಂದು ಉದ್ದದ ಎಳೆತ ಇದೆ. ಅದನ್ನು ಒಂದೇ ಉಸಿರಿನಲ್ಲಿ ನೇರ ಕೊಂಡುಹೋಗಬೇಕು. ನನಗೆ ಆಗುತ್ತಿರಲಿಲ್ಲ. ಗುಂಡು ತಿರುಗಿಸುತ್ತಾ ಇನ್ನೊಂದು ಕೈಯಿಂದ ಹಿಟ್ಟು ದೂಡುವಾಗ ಮೈ ಬಗ್ಗುತ್ತದೆ, ಉಸಿರು ತುಂಡಾಗುತ್ತದೆ. ಎಳೆತದ ನಡುವೆ ಚೂರು ಉಸಿರು ಸೆಳೆದು, ಸ್ವರವನ್ನು ಒಂದು ಮೆಟ್ಟಿಲು ಇಳಿಸಿ, ಮತ್ತೆ ಹತ್ತಿಸುತ್ತಿದ್ದೆ. "ಅಲ್ಲಿ ಉಸಿರು ತೆಗೀಬಾರ್ದು ಮಗಾ, ಅಕ್ಕನ ಪಾರ್ಟು ಮಾಡುವವ್ರು ತೆಗಿಯುವುದಿಲ್ಲ," ಎಂದು ಮಾಸ್ತರರು ಬೈಯುತ್ತಲೇ ಇದ್ದರು. ಬೈದು ಬೈದು ಕೊನೆಗೆ ಬಿಟ್ಟರು. ಕಡೆಯುವ ಕಲ್ಲು ಅಂಗಳದ ಮೂಲೆಗೆ ಹೋಗಿ ಗ್ರೈಂಡರು ಬಂತು, ಮಾಸ್ತರರೂ ಹೋದರು, ಆ ತುಂಡು ಉಸಿರು ನನ್ನ ಹಾಡಿನಲ್ಲಿ ಉಳಿಯಿತು.

ಹಾಗಾಗಿ ಜಗಲಿಯ ಆಟಕ್ಕೆ ನಾನು ಬೇಕಾಗುತ್ತಿದ್ದೆ. ತಮ್ಮನ ಪಾತ್ರವನ್ನು ಇಂಥವನಿಗೆ ಕೊಟ್ಟರೆ ಅವನು ಆ ಶ್ರುತಿಗೆ ಏರಿಯಾನೇ ಎಂದು ಚರ್ಚೆ ಬಂದಾಗ, "ಟೀಚರ್, ಅದೊಂದು ಹೇಗೆ, ಸ್ವಲ್ಪ ಹೇಳಿ," ಎಂದು ಬಂದರಿನವರು ಒಳಗೆ ಕೂಗುವರು. ನಾನು ಬಾಗಿಲಲ್ಲಿ ನಿಂತು ಹಾಡುವೆ. ಹಾಡು ಮುಗಿದ ಕೂಡಲೇ ಇಬ್ಬರೂ ನನ್ನನ್ನು ಬಿಟ್ಟು ಚರ್ಚೆಗೆ ಇಳಿಯುವರು. ನಿಘಂಟು ತೆರೆದು ನೋಡಿ ಮುಚ್ಚಿಟ್ಟ ಹಾಗೆ. ಎಷ್ಟು ವರ್ಷ ಹೀಗೆ ಹಾಡಿದೆನೋ. ಅಕ್ಕನ ಪಾತ್ರಕ್ಕೆ ಜನ ಇಲ್ಲ ಎಂದು ಅವರು ಹೇಳುವಾಗಲೂ ಕರೆಯುವ ಹಾಡನ್ನು ಹಾಡಿಸಿಕೊಂಡೇ ಹೇಳುತ್ತಿದ್ದುದು.

ಕಳೆದ ವರ್ಷ ಆಟ ನಿಜವಾಯಿತು. ಬಂದರಿನವರ ಗೆಳೆಯರು ಕೆಲವರು, ದುಬೈಯಲ್ಲಿ ವ್ಯಾಪಾರ ಮಾಡುವವರು, ನಾಟಕವನ್ನು ಮತ್ತೆ ಆಡಿಸುವ ಖರ್ಚು ವಹಿಸಿಕೊಳ್ಳಲು ಒಪ್ಪಿದರು. ಒಂದು ಸಮಿತಿ ಆಯಿತು. ಅಣ್ಣನೂ ಬಂದರಿನವರೂ ಅದರಲ್ಲಿದ್ದರು. ಆ ಭಾನುವಾರ ಜಗಲಿಯಲ್ಲಿ ಅವರಿಬ್ಬರೂ ಒಂದೊಂದು ಹೆಸರನ್ನೂ ಬರೆದು, ಹೊಡೆದುಹಾಕಿ, ಮತ್ತೆ ಬರೆದರು. ಇಷ್ಟು ದಿನ ಯಾರಿಗೆ ಬೇಕಾದರೂ ಕೊಡಬಹುದಿತ್ತು, ಇನ್ನು ಕೊಟ್ಟರೆ ಕೊಟ್ಟದ್ದೇ. ಯಜಮಾನ, ತಮ್ಮ, ಹಾಸ್ಯದ ಅಂಬಿಗ, ಎಲ್ಲವೂ ಸಂಜೆಯೊಳಗೆ ಸರಿಹೋಯಿತು. ಅಕ್ಕನಲ್ಲಿಗೆ ಬಂದು ನಿಂತಿತು.

ನಾನು ಲೋಟ ಎತ್ತಲಿಲ್ಲ. "ಅಕ್ಕನ ಪಾರ್ಟು ನಾನು ಮಾಡ್ತೇನೆ," ಎಂದೆ.

ಅಣ್ಣ ನಕ್ಕ. ಕೆಟ್ಟ ನಗುವಲ್ಲ, ಮೊಮ್ಮಕ್ಕಳು ಏನೋ ಹೇಳಿದಾಗ ನಗುವ ನಗು. "ನಿನಗೆಂತ ಮರ್ಲಾ ಮಾರಾಯ್ತಿ? ಈ ಪ್ರಾಯದಲ್ಲಿ?"

"ಟೆಂಟಿನಲ್ಲಿ ಆ ಪಾರ್ಟು ಮಾಡ್ತಿದ್ದವ್ರಿಗೂ ಕಡೆಯ ಸಲ ಅರುವತ್ತು ದಾಟಿತ್ತು ಅಂತ ನೀನೇ ಹೇಳಿದ್ದು."

ಅಣ್ಣ ಬಂದರಿನವರ ಮುಖ ನೋಡಿದ. ಬಂದರಿನವರು ಒಳ್ಳೆಯವರು, ನನಗೆ ನೋವಾಗಬಾರದೆಂದು ಮಾತನ್ನು ಹುಡುಕಿ ಹುಡುಕಿ ಇಟ್ಟರು. "ಟೀಚರ್ ಹಾಡ್ತಾರೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಪಾರ್ಟು ಹಾಗಲ್ಲ ನೋಡಿ. ಹೆಂಗಸರು ಮಾಡಿದ್ರೆ ಆ ಗತ್ತು ಬರುವುದಿಲ್ಲ."

ಹೆಂಗಸಿನ ಪಾತ್ರ ಹೆಂಗಸಿಗೆ ಬರುವುದಿಲ್ಲ! ಶಾಲೆಯಲ್ಲಿ ಯಾವನಾದರೂ ಇಂಥ ಲೆಕ್ಕ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಲ್ಲಿ ನಾನೇ ಲೋಟ ಎತ್ತಿಕೊಂಡು ಒಳಗೆ ಹೋದೆ. ಸಿಂಕಿನ ನಲ್ಲಿ ತಿರುಗಿಸಿ ಅತ್ತೆ. ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ, ಕೇಳಿಸಿದರೂ ಏನು ಆಗುತ್ತಿತ್ತೋ ಗೊತ್ತಿಲ್ಲ.

ಅಷ್ಟರಲ್ಲಿ ನಾಟಕದ ಅಭಿಮಾನಿಗಳದ್ದೊಂದು ವಾಟ್ಸಾಪ್ ಗುಂಪು ಶುರುವಾಯಿತು. ನಮ್ಮ ಜಗಲಿಯ ಕಾಯಿಲೆ ಊರಿಗೆಲ್ಲ ಇದೆ ಎಂದು ಗೊತ್ತಾದದ್ದು ಆಗ. ಸುರತ್ಕಲ್‌ನಿಂದ, ಮುಂಬಯಿಯಿಂದ, ಮಸ್ಕತ್‌ನಿಂದ ಪಾತ್ರ ಹಂಚುವವರೇ. ಕೆಲವರು ಕಂಪ್ಯೂಟರಿನಲ್ಲಿ ಪೋಸ್ಟರು ಮಾಡಿ ಹಾಕುತ್ತಿದ್ದರು: ತೀರಿಕೊಂಡ ಕಲಾವಿದರು ಹೊಸ ಸೀರೆ, ಹೊಸ ಪೇಟ ತೊಟ್ಟು ನಗುತ್ತಾ ನಿಂತಿರುವ ಚಿತ್ರಗಳು. "ಅಕ್ಕನ ಪಾತ್ರವನ್ನು ಯಾರಾದರೂ ಹೆಂಗಸರೇ ಮಾಡಬಹುದಲ್ಲ?" ಎಂದು ನಾನೂ ಒಂದು ದಿನ ಬರೆದೆ. ನಾಲ್ಕಾರು ನಗುವ ಮುಖಗಳು ಬಂದವು. ಆಮೇಲೆ ಯಾರೋ ತಾವರೆಯ ಚಿತ್ರದ ಜೊತೆ ಶುಭೋದಯ ಹೇಳಿದರು, ಮಾತು ಅಲ್ಲಿಗೆ ಮುಗಿಯಿತು.

ಮಳೆಗಾಲ ಕಳೆದ ಮೇಲೆ ನಿರ್ದೇಶಕರು ನಮ್ಮಲ್ಲಿಗೆ ಬಂದರು. ಪ್ರಾಯ ಚಿಕ್ಕದು, ಮಾತು ನಯ. ನಾಟಕದ ಹಾಡುಗಳ ಧ್ವನಿಮುದ್ರಣ ಎಲ್ಲಿಯೂ ಇಲ್ಲ, ಬದುಕಿರುವವರಲ್ಲಿ ಧಾಟಿ ಪೂರ್ತಿ ಗೊತ್ತಿರುವವರು ನಾನೊಬ್ಬಳೇ ಎಂದು ಬಂದರಿನವರು ಹೇಳಿ ಕಳಿಸಿದ್ದರಂತೆ. "ಮೇಡಂ, ಕಲಾವಿದರಿಗೆ ಕಲೀಲಿಕ್ಕೆ ಒಂದು ರೆಕಾರ್ಡಿಂಗ್ ಬೇಕು. ನೀವಿಲ್ಲದಿದ್ರೆ ನಾಟಕವೇ ಇಲ್ಲ," ಎಂದರು. ಅಕ್ಕನ ಪಾತ್ರ ಯಾರಿಗೆ ಎಂದು ಕೇಳಿದೆ. ಇನ್ನೂ ಆಗಿಲ್ಲ ಎಂದರು. ಆಗಿಲ್ಲ ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ನಾನು ಒಪ್ಪಿದೆ. ಕೇಳಿದ ಮೇಲಾದರೂ ಅನ್ನಿಸೀತು, ಇವರೇ ಯಾಕಾಗಬಾರದು ಎಂದು.

ಸ್ಟುಡಿಯೊ ನಂತೂರಿನ ಹತ್ತಿರ. ಗೋಡೆಗೆ ಎಷ್ಟು ಸ್ಪಂಜು ಬಡಿದಿದ್ದರೂ ಲಾರಿಗಳ ಹಾರ್ನು ಒಳಗೆ ನುಸುಳುತ್ತಿತ್ತು. ಪ್ರತಿ ಸಲವೂ ನಿಲ್ಲಿಸಿ ಮೊದಲಿಂದ ಹಾಡಬೇಕು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಎಲ್ಲ ಹಾಡು ಹಾಡಿದೆ, ಕರೆಯುವ ಹಾಡನ್ನು ಕೊನೆಗೆ ಇಟ್ಟುಕೊಂಡೆ. ಆ ಎಳೆತ ಬಂದಾಗ ಕೈ ತಾನಾಗಿ ಹಿಟ್ಟು ದೂಡಲು ಹೋಯಿತು, ಉಸಿರು ಅದರ ಜಾಗದಲ್ಲಿ ತುಂಡಾಯಿತು. ಗಾಜಿನ ಆಚೆ ನಿರ್ದೇಶಕರು ಕಣ್ಣು ಒರೆಸಿಕೊಂಡರು. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನಷ್ಟಕ್ಕೆ ನಗುತ್ತಿದ್ದೆನೇನೋ, ಪಕ್ಕದ ಹೆಂಗಸು ಎರಡು ಸಲ ತಿರುಗಿ ನೋಡಿದಳು.

ಆಮೇಲೆ ಸುದ್ದಿಯೇ ಇಲ್ಲ. ಕೇಳಿದರೆ ಅಣ್ಣ, "ಅಕ್ಕನದ್ದು ಒಂದು ಸರ್‌ಪ್ರೈಸ್ ಉಂಟಂತೆ, ನಮ್ಗೂ ಹೇಳ್ಲಿಲ್ಲ," ಎನ್ನುತ್ತಿದ್ದ. ಯಾರೂ ನನ್ನನ್ನು ಕರೆಯದೆ ಪ್ರದರ್ಶನದ ವಾರ ಬಂದೇ ಬಿಟ್ಟಿತು. ಆಗಲೇ ನನಗೆ ಗೊತ್ತಾಗಬೇಕಿತ್ತು, ಗೊತ್ತಾಗಿತ್ತು ಕೂಡ. ಆದರೂ ಗಂಟಲು ಕೆಡಬಾರದೆಂದು ಮಜ್ಜಿಗೆ ಬಿಟ್ಟಿದ್ದೆ.

ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಸಮಿತಿಯವರ ಮನೆಯವರೆಂದು ನಮಗೆ ಮುಂದಿನ ಸಾಲು. ಪರದೆ ಸರಿಯಿತು, ದೋಣಿಯಲ್ಲಿ ಅಕ್ಕ ಕುಳಿತಿದ್ದಳು. ಹೆಣ್ಣು ವೇಷದಲ್ಲಿ ಪಳಗಿದ ಒಬ್ಬ ಯುವಕ, ಬಣ್ಣ ಹಚ್ಚಿ ಆ ತೀರಿಕೊಂಡವರ ಹಾಗೆಯೇ ಮಾಡಿದ್ದರು. ಅವನು ಬಾಯಿ ತೆರೆದ. ಬಂದದ್ದು ಆ ತೀರಿಕೊಂಡವರ ಸ್ವರ.

ಸಭೆಗೆ ಸಭೆಯೇ ಎದ್ದಿತು. ನಿಂತೇ ಚಪ್ಪಾಳೆ. ಅವರದ್ದೊಂದು ಹಳೆಯ ಸನ್ಮಾನದ ಭಾಷಣ ಕ್ಯಾಸೆಟ್ಟಿನಲ್ಲಿತ್ತಂತೆ, ಅದರಿಂದ ಕಂಪ್ಯೂಟರು ಸ್ವರ ಎತ್ತಿ ಹಾಡಿಸಿದೆಯಂತೆ ಎಂಬ ಪಿಸುಮಾತು ಸಾಲಿನಿಂದ ಸಾಲಿಗೆ ಬಂತು. ಅಣ್ಣ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದ. "ಬಂದ್ರು ನೋಡು, ವಾಪಸ್ ಬಂದ್ರು," ಎನ್ನುತ್ತಿದ್ದ. ಮೊದಲಿನವರಿಗೇ ಮತ್ತೆ ಪಾತ್ರ ಕೊಡಬಾರದು ಎಂಬ ಅವರ ಕಾನೂನು ಅವನಿಗೆ ನೆನಪಿಗೂ ಬರಲಿಲ್ಲ.

ನಾನೂ ಮೊದಲು ಮರುಳಾದೆ. ಆ ಸ್ವರವನ್ನು ಹುಡುಗಿಯಾಗಿದ್ದಾಗ ಒಮ್ಮೆ ಕೇಳಿದ್ದೆ, ಈಗ ಮತ್ತೆ ಅದೇ. ನನಗೆ ಸಿಗದಿದ್ದರೆ ಬೇಡ, ಅವರಿಗಾದರೂ ಸಿಕ್ಕಿತಲ್ಲ ಎಂದುಕೊಂಡೆ, ನಿಜಕ್ಕೂ ಹಾಗೆ ಅಂದುಕೊಂಡೆ.

ಕರೆಯುವ ಹಾಡು ಬಂತು. ಎಳೆತ ಏರಿತು. ನಡುವಿನಲ್ಲಿ ಚೂರು ಉಸಿರು ಸೆಳೆದು, ಒಂದು ಮೆಟ್ಟಿಲು ಇಳಿದು, ಮತ್ತೆ ಹತ್ತಿತು.

ಅಣ್ಣನ ಹಿಡಿತದಿಂದ ಕೈ ಬಿಡಿಸಿಕೊಂಡೆ. ಅದು ಅವರದ್ದಲ್ಲ. ಅವರು ಅಲ್ಲಿ ಉಸಿರು ತೆಗೆಯುತ್ತಿರಲಿಲ್ಲ. ಅದು ನನ್ನ ಅಡುಗೆಮನೆಯ ಉಸಿರು, ಹಿಟ್ಟು ದೂಡುವ ಕೈಯ ಉಸಿರು. ನಾನು ಹಾಡಿದ ಪ್ರತಿ ಸ್ವರದ ಮೇಲೆ ಅವರ ಗಂಟಲನ್ನು ಹೊದಿಸಿ ಅಲ್ಲಿ ನಿಲ್ಲಿಸಿದ್ದರು. ಸಭೆಯೆಲ್ಲ ಬಿಕ್ಕಿ ಅಳುತ್ತಿತ್ತು. ಹಿಂದಿನ ಸಾಲಿನ ಮುದುಕರೊಬ್ಬರು, "ಆ ಜಾಗದ ಉಸಿರು ನೋಡಿ, ಅದು ಅವ್ರಿಗೆ ಮಾತ್ರ ಆಗುವುದು," ಎಂದರು. ಇಷ್ಟು ವರ್ಷ ನಾನು ಕಾದದ್ದು ಈ ಗಳಿಗೆಗೆ. ಹಾಡು ನನ್ನದು, ಜನ ಎದುರಿಗಿದ್ದಾರೆ, ಅಳುತ್ತಿದ್ದಾರೆ, ಮತ್ತು ಅಲ್ಲಿ ನಾನಿಲ್ಲ.

ಮರುದಿನ ಬೆಳಿಗ್ಗೆ ಬಂದರ್‌ಗೆ ಹೋದೆ. ಬಂದರಿನವರು ಹೊಸ ಬಲೆಯ ಮೂಟೆಗಳ ನಡುವೆ ಕೂತು ಅಭಿನಂದನೆಯ ಫೋನು ತೆಗೆದುಕೊಳ್ಳುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಕುರ್ಚಿ ಒರೆಸಿ ಕೊಟ್ಟರು, ಎಳನೀರು ತರಿಸಿದರು. ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಏನಾದರೂ ಇದೆ ಎಂದೂ ಅವರಿಗೆ ಅನ್ನಿಸಿರಲಿಲ್ಲ.

"ಹೌದು ಟೀಚರ್, ನಿಮ್ಮ ಹಾಡಿನ ಮೇಲೆಯೇ ಕೂರಿಸಿದ್ದು. ಇಲ್ಲದಿದ್ರೆ ಕಂಪ್ಯೂಟರಿಗೆ ಧಾಟಿ ಹೇಗೆ ಗೊತ್ತಾಗ್ಬೇಕು? ನಿಮ್ಮಿಂದಾಗಿ ಅವ್ರು ಬಂದ್ರು. ಪುಣ್ಯದ ಕೆಲ್ಸ ಮಾಡಿದ್ರಿ ನೀವು."

"ಆ ಉಸಿರು ನನ್ನದು," ಎಂದೆ. "ಕರೆಯುವ ಹಾಡಿನ ನಡುವೆ ಬರ್ತದಲ್ಲ, ಅದು."

ಅವರು ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು, ಕಣ್ಣು ಮುಚ್ಚಿ, ಟೆಂಟಿನ ಕಾಲಕ್ಕೆ ಹೋಗಿ ಹುಡುಕಿದರು. "ಇಲ್ಲ ಟೀಚರ್. ಅದು ಅವ್ರದ್ದೇ. ನಂಗೆ ಸರಿಯಾಗಿ ನೆನಪುಂಟು. ನಾನೂ ಭಟ್ರೂ ಎಷ್ಟು ಸಲ ಕೇಳಿದ್ದೇವೆ."

ಎಲ್ಲಿ ಕೇಳಿದ್ದು ಎಂದು ನಾನು ಹೇಳಲಿಲ್ಲ. ಜಗಲಿಯಲ್ಲಿ ಕೂತು, ಬಾಗಿಲ ಕಡೆ ಬೆನ್ನು ಹಾಕಿ, ನನ್ನ ಬಾಯಿಂದ ಕೇಳಿದ್ದು. ಅವರ ನೆನಪಿನಲ್ಲಿ ಆ ದೊಡ್ಡ ಕಲಾವಿದರು ಎಂದೋ ಅಳಿಸಿಹೋಗಿ ಉಳಿದಿರುವುದು ನನ್ನ ಹಾಡೇ, ಮುಖ ಮಾತ್ರ ಅವರದ್ದು. ಇದನ್ನು ಯಾರಿಗೆ ಹೇಳಿ ನಂಬಿಸಲಿ? ಅವರ ನೇರ ಎಳೆತವನ್ನು ಕೇಳಿ ಬಲ್ಲ, ನನ್ನ ತುಂಡು ಉಸಿರಿಗೆ ಬೈದ ಮಾಸ್ತರರು ಈಗ ಇಲ್ಲ. ಎಳನೀರು ಕುಡಿದು, ಕೊಟ್ಟ ಮರ್ಯಾದೆಗೆ ಕೈ ಮುಗಿದು ಬಸ್ಸು ಹಿಡಿದೆ.

ನಾಟಕ ಈಗ ಊರೂರಲ್ಲಿ ನಡೆಯುತ್ತಿದೆ. ಗುಂಪಿನಲ್ಲಿ ಮುಂದೆ ಯಾವ ನಾಟಕ ಎತ್ತಬೇಕು, ಯಾವ ಸತ್ತವರನ್ನು ಕರೆತರಬೇಕು ಎಂಬ ಚರ್ಚೆ ನಡೆಯುತ್ತಿದೆ. ಹಾಡುವ ಆಸೆ ನನಗೆ ಉಳಿದಿಲ್ಲ. ಆಸೆ ತೀರಿ ಹೋದರೆ ಹಗುರವಾಗುತ್ತದೆ ಎನ್ನುತ್ತಾರೆ, ನನಗೆ ಹಾಗೇನೂ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಸಂಜೆ ಯಾಕೆ ಆಗಬೇಕು ಎಂದು ತೋಚುವುದಿಲ್ಲ.

ಕಳೆದ ಭಾನುವಾರ ದೋಸೆಗೆ ಅಕ್ಕಿ ತೊಳೆದು ಗ್ರೈಂಡರಿಗೆ ಹಾಕುವಾಗ, ಎಷ್ಟೋ ದಿನಗಳ ಮೇಲೆ, ಬಾಯಿ ತಾನಾಗಿ ಕರೆಯುವ ಹಾಡನ್ನು ಹಿಡಿಯಿತು. ಎಳೆತ ಬಂತು, ಉಸಿರು ತುಂಡಾಯಿತು. ಜಗಲಿಯಿಂದ ಅಣ್ಣ ಅಡುಗೆಮನೆಯ ಬಾಗಿಲವರೆಗೆ ಎದ್ದು ಬಂದ. ಯಾವತ್ತೂ ಬಂದವನಲ್ಲ. ಮುಖದ ತುಂಬ ಖುಷಿ.

"ಪರ್ವಾಗಿಲ್ಲ ಮಾರಾಯ್ತಿ," ಎಂದ, "ಅವ್ರ ಆ ಉಸಿರು ಉಂಟಲ್ಲ, ಅದನ್ನು ನೀನೂ ಸರಿಯಾಗಿ ಹಿಡ್ದಿದ್ದೀ."

ನಾನು ಗ್ರೈಂಡರಿನ ಸ್ವಿಚ್ ಹಾಕಿದೆ.